ಮಾಸ್ತರರ ನಿಧನ ವಾರ್ತೆ

ಬೆಳಿಗ್ಗೆ ಓಣಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾರ್ಮೋನಿಯಂ ಮಾಸ್ತರ ಶಾಂತವೀರಪ್ಪನವರ ಹಾರ ಹಾಕಿದ ಫೋಟೋ ಬಂತು. ಕೆಳಗೆ ನಿಧನದ ಸುದ್ದಿ. ಮೊಬೈಲ್ ಇಲ್ಲದ ಮಾಸ್ತರರಿಗೆ ವಿಷಯ ತಿಳಿದದ್ದು, ಅವರು ಬಾಗಿಲು ತೆಗೆದಾಗ ಹಾಲಿನವಳು ಚೀರಿದ ಮೇಲೆಯೇ. ಅವರು ನೇರ ಗ್ರಂಥಪಾಲಕಿ ನೀಲಾಂಬಿಕೆಯ ಮನೆಗೆ ಓಡಿದರು. ಗುಂಪಿಗೆ ಬರುವ ಸುಳ್ಳುಗಳನ್ನು ಹುಡುಕಿ ಬಯಲು ಮಾಡುವವಳು ಆಕೆಯೇ.

“ನಾ ಸತ್ತಿಲ್ಲಂತ ಈಗಿಂದೀಗ ಬರೀಯವಾ!”

“ನೀವು ಹೇಳಿದ್ರ ಸಾಲೂದಿಲ್ರಿ, ಪುರಾವೆ ಬೇಕು,” ಎಂದು ನಗುತ್ತ ಆಕೆ ತನ್ನ ಮೊಬೈಲನ್ನು ಅವರ ಕೈಗಿತ್ತು, ಲ್ಯಾಪ್‌ಟಾಪಿನಲ್ಲಿ ಆ ಫೋಟೋದ ಮೂಲ ಹುಡುಕತೊಡಗಿದಳು. ಹಳೆಯ ಪತ್ರಿಕಾ ವರದಿಯೊಂದು ಸಿಕ್ಕಿತು. “ನೋಡ್ರಿ, ಇದು ನಿಮ್ಮ ಸನ್ಮಾನದ ಹಾರ!”

ಮಾಸ್ತರು ನೋಡಲಿಲ್ಲ. ಅವರು ಗುಂಪಿನ ಸಂತಾಪಗಳನ್ನು ಓದುತ್ತಿದ್ದರು. ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ತಬಲಾದ ಬಸಲಿಂಗಯ್ಯ, ‘ಅಂಥಾ ಕೈ ಈ ಊರಾಗ ಮತ್ತ ಹುಟ್ಟೂದಿಲ್ಲ’ ಎಂದು ಬರೆದಿದ್ದ. ಮಾಸ್ತರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಪರದೆಯ ಮೇಲೆ, ಬಸಲಿಂಗಯ್ಯ ಇನ್ನೂ ಏನೋ ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು.

“ಸುದ್ದಿ ಸುಳ್ಳಂತ ಖಾತ್ರಿ ಆತ್ರಿ ಮಾಸ್ತರ. ಗುಂಪಿಗೆ ಹಾಕಿಬಿಡ್ಲೇನ್ರಿ?”

ಮಾಸ್ತರು ತಲೆ ಎತ್ತದೆ ಅಂದರು: “ಸ್ವಲ್ಪ ತಡೀಯವಾ, ಅವ ಇನ್ನೂ ಬರ್ಯಾಕತ್ತಾನ.”