ಹೊಸ ಆಟದ ಜಿಂಕೆ

"ಒಳಗ ಯಾರನ್ನ ಹೊಡ್ಯಾಕತ್ತೀಯೋ?" ಬಾಗಿಲ ಆಚೆಯಿಂದ ಅವ್ವ ಹೀರಾಬಾಯಿ ಕೇಳಿದಳು.

ವೃಷಭ ಗಡಬಡಿಸಿ ಟಿವಿಯ ಸದ್ದು ತಗ್ಗಿಸಿದ. ತೇರದಾಳದ ಪೇಟೆಯಲ್ಲಿ ಅವನದು ಸೀರೆ ಅಂಗಡಿ. ನಲವತ್ತು ದಾಟಿದರೂ ವಿಡಿಯೊ ಗೇಮಿನ ಹುಚ್ಚು ಬಿಟ್ಟಿರಲಿಲ್ಲ. ನಿನ್ನೆ ಜಮಖಂಡಿಗೆ ಹೋದವನು ಹೊಸ ಆಟದ ಡಿಸ್ಕುಗಳನ್ನು ತಂದಿದ್ದ. ಬೆಳಗಿನಿಂದ ಆಡಿ ನೋಡಿ, ಮುಧೋಳದಲ್ಲಿದ್ದ ತನ್ನಂಥ ಇನ್ನೊಬ್ಬ ಹುಚ್ಚ ಶಿವಪುತ್ರನಿಗೆ ಫೋನಿನಲ್ಲಿ ಅಭಿಪ್ರಾಯ ಹೇಳಿ ಕಳಿಸುತ್ತಿದ್ದ. "ಕಾರಿನ ಆಟ ದಂಡ ಲೇ. ನಿಮ್ಮೂರ ಕಬ್ಬಿನ ಟ್ರ್ಯಾಕ್ಟರ್ ಇದಕ್ಕಿಂತ ಜೋರ ಹೋಗ್ತಾವು. ಕಾಡಿನ ಬ್ಯಾಟಿ ಆಟ ಮಾತ್ರ ಭಾಳ ಛಲೋ ಐತಿ. ನಾಯಿ ನಿಮ್ಮ ಮುಧೋಳ ನಾಯಿಯಷ್ಟ ಓಡೂದಿಲ್ಲ ಖರೆ, ಆದ್ರ ಬಿಲ್ಲ ಎಳದ್ರ ಕೈಯಾಗಿನ ಕಂಟ್ರೋಲರ್ ಗದಗದ ನಡಗತೈತಿ. ಹಂದಿ ಚೀರೂದಂತೂ ಖರೇನ ಅಂದ್ರ ಖರೆ!"

ಆ ಚೀರಾಟವೇ ಅವ್ವನನ್ನು ಬಾಗಿಲಿಗೆ ಎಳೆದು ತಂದಿತ್ತು. ಮೊದಲೇ ಅವಳ ತಲೆಯಲ್ಲಿ ಸಂಶಯದ ಹುಳು ಕೊರೆಯುತ್ತಿತ್ತು. ಊರ ಬಸದಿಯಲ್ಲಿ ದಿಗಂಬರ ಮುನಿಗಳು ಚಾತುರ್ಮಾಸಕ್ಕೆ ನಿಂತಿದ್ದರು. ಮುಂಜಾನೆ ಆಹಾರಕ್ಕೆ ಹೊರಡುವಾಗ ಅವರು ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡು, ಅದು ಕಂಡ ಮನೆಯ ಮುಂದೆ ಮಾತ್ರ ನಿಲ್ಲುತ್ತಾರೆ. ಗುರುತು ಏನೆಂದು ಯಾರಿಗೂ ತಿಳಿಯದು. ಓಣಿಯ ಮನೆಗಳಿಗೆಲ್ಲ ಮುನಿಗಳ ಪಾದ ಬಂದುಹೋಗಿತ್ತು, ಹೀರಾಬಾಯಿಯ ಮನೆಯೊಂದು ಬಿಟ್ಟು. ದಿನಾ ಕಳಶ ಹಿಡಿದು ಬಾಗಿಲಲ್ಲಿ ನಿಂತದ್ದಷ್ಟೇ ಬಂತು. ಮನೆಯೊಳಗೇ ಏನೋ ಮೈಲಿಗೆ ಇದೆ ಎಂದುಕೊಂಡಳು. ನೀರು ಸೋಸುವ ಬಟ್ಟೆ ಬದಲಿಸಿದಳು, ಹಿಟ್ಟು ಹೊಸದಾಗಿ ಬೀಸಿದಳು, ಸೊಸೆ ತವರಿಗೆ ಹೋದದ್ದು ನೋಡಿ ಅವಳ ಉಪ್ಪಿನಕಾಯಿ ಭರಣಿಯನ್ನೂ ಹೊರಗಿಟ್ಟಳು. ಉಳಿದದ್ದು ಮಗನ ಖೋಲಿ.

"ಸುಳ್ಳ ಹಂದಿಬೇ ಅವ್ವಾ. ಬರೇ ಆಟ."

"ಈಗರ ಖರೇನ ಅಂದ್ರ ಖರೆ ಅಂದೆಲ್ಲೋ?"

"ಅದು ಶಿವಪುತ್ರಗ ಹೇಳಿದ್ದು."

"ಅವಗೊಂದು ಖರೆ, ನನಗೊಂದು ಖರೆ ಏನು?"

ಹೀರಾಬಾಯಿ ಒಳಗೆ ಬಂದು ಮಂಚದ ಮೇಲೆ ಕೂತೇಬಿಟ್ಟಳು. ಟಿವಿಯಲ್ಲಿ ಒಂದು ಕೆರೆ, ಕೆರೆಯ ದಂಡೆಯಲ್ಲಿ ನೀರು ಕುಡಿಯುತ್ತ ಒಂದು ಜಿಂಕೆ. ಹೇಗೆ ಹೊಡೆಯುತ್ತಿ ಎಂದು ಕೇಳಿದಳು. ವೃಷಭ ಕಂಟ್ರೋಲರ್ ತೋರಿಸಿದ. "ಇದನ್ನ ಒತ್ತಿ ಹಿಡದ್ರ ಬಿಲ್ಲ ಎಳೀತೈತಿ, ಬಿಟ್ರ ಬಾಣ ಹೋಗತೈತಿ."

"ಸುಳ್ಳ ಹೌದಲ್ಲ? ಹಂಗಾರ ನನ್ನ ಮುಂದ ಹೊಡಿ ನೋಡೂಣು."

ಬೆಳಗಿನಿಂದ ಅರ್ಧ ಕಾಡು ಕೆಡವಿದ ಶೂರ ಗುಂಡಿಯ ಮೇಲೆ ಬೆರಳಿಟ್ಟ. ಬೆರಳು ಒತ್ತಲೊಲ್ಲದು. ಇರುವೆ ಕಂಡರೆ ಸೆರಗಿನಿಂದ ಸರಿಸಿ ನಡೆಯುವ ಅವ್ವ ಪಕ್ಕದಲ್ಲಿ ಕೂತಿದ್ದಾಳೆ. ಅವನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಅಂಗಡಿಗೆ ಗಿರಾಕಿ ಬಂದಿದ್ದಾರೆಂದು ಹೇಳಿ ಕಂಟ್ರೋಲರನ್ನು ಮಂಚದ ಮೇಲೆ ಒಗೆದು, ಟಿವಿ ಆರಿಸುವುದನ್ನೂ ಮರೆತು ಹೊರಟ.

"ನೋಡಿದ್ಯಾ? ನಿನಗೂ ಗೊತ್ತೈತಿ!" ಅವ್ವ ಹಿಂದಿನಿಂದ ಹೇಳಿದಳು.

ಸಂಜೆ ತಿರುಗಿ ಬಂದಾಗ ಜಿಂಕೆ ಕೆರೆಯ ದಂಡೆಯಲ್ಲಿ ಬಿದ್ದಿತ್ತು. ಕುತ್ತಿಗೆಯಲ್ಲಿ ಬಾಣ. ಮಂಚದ ಮೇಲೆ ಒಗೆದಿದ್ದ ಕಂಟ್ರೋಲರ್ ದೇವರ ಸಾಮಾನಿನಂತೆ ದಿಂಬಿನ ಮೇಲೆ ನೆಟ್ಟಗೆ ಕೂತಿತ್ತು. ಸಂಶಯ ಪಡುವ ಸರದಿ ಈಗ ಅವನದು. ಹೆಂಡತಿ ಚಿಮ್ಮಡದ ತವರಿನಲ್ಲಿ, ಮನೆಯಲ್ಲಿ ಬೇರೆ ಯಾರಿದ್ದಾರೆ?

"ಅವ್ವಾ, ನನ್ನ ಖೋಲ್ಯಾಗ ಯಾರ ಬಂದಿದ್ರು?"

ಜಪಮಣಿ ಹಿಡಿದು ಕೂತಿದ್ದ ಹೀರಾಬಾಯಿ ಕಣ್ಣು ತೆರೆಯಲಿಲ್ಲ. ದಿನಾ ಹೊತ್ತು ಮುಳುಗುವ ಮೊದಲೇ ಉಣ್ಣುವವಳು ಆ ಸಂಜೆ ತಾಟಿನ ಮುಂದೆ ಬಂದು ಕೂರಲೇ ಇಲ್ಲ.

ಮರುದಿನ ಮುಂಜಾನೆ ತಾಯಿ ಮಗ ಇಬ್ಬರೂ ಮಡಿಯುಟ್ಟು ಬಾಗಿಲಲ್ಲಿ ನಿಂತರು. "ನಮೋಸ್ತು ಮಹಾರಾಜ್, ನಮೋಸ್ತು" ಎಂದು ಓಣಿಯ ಮನೆಮನೆಯೂ ಕರೆಯುತ್ತಿತ್ತು. ಮುನಿಗಳು ಎಲ್ಲರನ್ನೂ ದಾಟಿ ನಡೆದು ಬಂದರು. ಹೀರಾಬಾಯಿಯ ಕಳಶದ ಎದುರಿಗೆ ನಿಂತರು.

ಇಬ್ಬರೂ ಮುನಿಗಳ ಸುತ್ತ ಪ್ರದಕ್ಷಿಣೆ ಹಾಕಿದರು. ಇನ್ನು ಹೇಳಬೇಕಾದದ್ದು ಒಂದೇ ಮಾತು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧಿ. ಮನೆಯ ಹಿರಿಯಳು ಅಷ್ಟು ಹೇಳಿ ಕರೆಯದೆ ಮುನಿಗಳು ಹೊಸ್ತಿಲು ದಾಟುವುದಿಲ್ಲ.

"ಮನ..." ಎಂದವಳು ನಿಂತಳು. ಕಳಶದ ಮೇಲಿನ ತೆಂಗಿನಕಾಯಿ ಗದಗದ ನಡುಗಿತು.

"ಅನ್ನಬೇ ಅವ್ವಾ," ವೃಷಭ ಪಿಸುಗುಟ್ಟಿದ.

"ಮನಶುದ್ಧಿ ಇಲ್ರಿ ಮಹಾರಾಜ್," ಹೀರಾಬಾಯಿ ಓಣಿಗೆಲ್ಲ ಕೇಳುವಂತೆ ಹೇಳಿದಳು. "ನಿನ್ನಿ ಒಂದ ಜಿಂಕಿ ಹೊಡದೇನ್ರಿ. ಖರೆ ಸಾಯತೈತೇನ ನೋಡೂಣಂತ, ಬೇಕಂತನ ಹೊಡದೇನ್ರಿ."

ಕಳಶ ಹಿಡಿದು ನಿಂತವರೆಲ್ಲ ಈ ಕಡೆ ತಿರುಗಿದರು. ಮುನಿಗಳು ನಿಂತಲ್ಲೇ ನಿಂತಿದ್ದರು. ಅದು ಸುಳ್ಳು ಜಿಂಕೆ ಎಂದು ಹೇಳಬಲ್ಲವನು ಆ ಓಣಿಯಲ್ಲಿ ಒಬ್ಬನೇ ಇದ್ದ. ಅವನು ತಲೆ ತಗ್ಗಿಸಿ ನೆಲ ನೋಡುತ್ತಿದ್ದ.