ಆರನೆಯವನ ಜಾಗ

ಟೆಂಟಿನೊಳಗಿಂದ ಮೊದಲು ಬದರಿನಾಥರು ಕೆಮ್ಮುತ್ತ ಹೊರಗೆ ಬಂದರು. ಅವರ ಹಿಂದೆ ಬೋರಯ್ಯ ಕಣ್ಣುಜ್ಜಿಕೊಳ್ಳುತ್ತ ಬಂದ. ಕೊನೆಗೆ ಬಂದವರು ಬೋರಯ್ಯನ ಸೋದರಮಾವ ಸಂಜೀವಯ್ಯ. ಎಲ್ಲರಿಗಿಂತ ಹೆಚ್ಚು ಕೆಮ್ಮುತ್ತಿದ್ದವರು ಅವರೇ, ಎಲ್ಲರಿಗಿಂತ ಖುಷಿಯಾಗಿದ್ದವರೂ ಅವರೇ.

“ನಾನು ಹೇಳ್ಲಿಲ್ವೇನೋ ಬೋರ? ಬಟ್ಟೆ ಗುಡಿಸಲೊಳಗೆ ಒಲೆ ಇಟ್ರೆ ಇನ್ನೇನಾಗುತ್ತೆ? ಹಂದಿ ಸಾಯೋಕೆ ಮುಂಚೆ ನಾವೇ ಸಾಯ್ತೀವಿ.”

ಬದರಿನಾಥರಿಗೆ ಅವಮಾನವಾಯಿತು. ಸರ್ವೆ ಕೆಲಸದಿಂದ ನಿವೃತ್ತರಾಗಿ ಜಯನಗರದಲ್ಲಿ ಮನೆ ಕಟ್ಟಿಸಿದ್ದ, ಈರುಳ್ಳಿಯನ್ನೂ ಮುಟ್ಟದ ಮನುಷ್ಯ ಬೇಟೆಯವರಿಗೆ ಟೆಂಟು ಮಾರಲು ಹೊರಟದ್ದೇ ಒಂದು ತಮಾಷೆ. ಏನು ಮಾಡುವುದು, ಹಳೆಯ ಕ್ಯಾಂಪಿನ ಸಾಮಾನು ತುಂಬಿದ ಅಟ್ಟ ಖಾಲಿಯಾಗಲೇಬೇಕೆಂದು ಹೆಂಡತಿ ಸರಸ್ವತಿಯ ಹಟ. ಪಕ್ಕದ ಖಾಲಿ ಸೈಟಿನಲ್ಲಿ ಬೆಳಗ್ಗೆಯೇ ಎರಡು ಟೆಂಟು ನಿಲ್ಲಿಸಿದ್ದರು. ಒಂದು ಖಾಕಿ ಕ್ಯಾನ್ವಾಸಿನದು, ಅದನ್ನು ಸಾಗಿಸಲು ಎತ್ತಿನ ಗಾಡಿಯೇ ಬೇಕು. ಇನ್ನೊಂದು ತೆಳು ಬಟ್ಟೆಯದು, ನಡುವೆ ಒಂದೇ ಕಂಬ, ಮಡಚಿದರೆ ಒಬ್ಬನ ತಲೆಹೊರೆ. ಒಳಗೆ ಎಣ್ಣೆ ಡಬ್ಬದಿಂದ ಮಾಡಿಸಿದ ಪುಟ್ಟ ಒಲೆ, ಹೊಗೆ ಹೋಗಲು ತಗಡಿನ ಕೊಳವೆ.

“ಹದಿನೈದು ವರ್ಷ ಕ್ಯಾಂಪಲ್ಲಿ ಇದರೊಳಗೇ ಮಲಗಿದೀನಿ ಕಣ್ರೀ. ಒಂದು ದಿನ ಕೆಮ್ಮಿಲ್ಲ” ಎಂದರು ಬದರಿನಾಥರು.

ಕೆಮ್ಮಿರಲಿಕ್ಕಿಲ್ಲ. ತಪ್ಪು ಒಲೆಯದಲ್ಲ, ಕಟ್ಟಿಗೆಯದು. ಕಟ್ಟಿಗೆ ತಂದವರು ಸಂಜೀವಯ್ಯ.

ಇದು ಎಪ್ಪತ್ತೊಂದನೇ ಇಸವಿಯ ಮಾತು, ಬೇಟೆಗೆ ಇನ್ನೂ ಈಗಿನಷ್ಟು ಕಟ್ಟುನಿಟ್ಟು ಇರಲಿಲ್ಲ. ಉತ್ತರಹಳ್ಳಿಯ ಬೋರಯ್ಯನ ಗುಂಪು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಕನಕಪುರದಾಚೆಯ ಕಾಡಿಗೆ ಹೋಗಿ ಮೂರು ದಿನ ಇರುತ್ತಿತ್ತು. ಮಾಂಸ ಹಂಚುವಾಗ ಆಳಿಗೊಂದು ಪಾಲು, ಕೋವಿಗೊಂದು ಪಾಲು, ನಾಯಿಗೆ ಅರ್ಧ, ಬಯಲಲ್ಲಿ ಕೂತು ಬೆಂಕಿ ಆರದಂತೆ ಕಾಯುವವನಿಗೆ ಒಲೆ ಪಾಲು. ಮಂಡಿನೋವು ಶುರುವಾದ ಮೇಲೆ ಸಂಜೀವಯ್ಯ ಹಂದಿಯ ಹಿಂದೆ ಓಡುವುದನ್ನು ಬಿಟ್ಟು ಬೆಂಕಿ ಕಾಯಲು ಕೂತಿದ್ದರು. ಈಗ ಒಲೆಯೇ ಟೆಂಟಿನೊಳಗೆ ಬಂದು ಕೂತರೆ ಮುದುಕ ಯಾರಿಗೆ ಬೇಕು? “ಕಟ್ಟಿಗೆ ತಗೊಂಡು ಜಯನಗರಕ್ಕೆ ಬಾ ಮಾವ, ಉರಿಸಿ ನೋಡೋಣ” ಎಂದು ಬೋರಯ್ಯ ಹೇಳಿದಾಗಿನಿಂದ ಅವರಿಗೆ ಊಟ ಸೇರಿರಲಿಲ್ಲ. ಕೆರೆ ನೀರಿನಲ್ಲಿ ನೆನೆದ ಜಾಲಿ ಕೊಂಬೆಗಳನ್ನು ಆರಿಸಿ, ಕಾಣದ ಹಾಗೆ ಸುತ್ತಲೂ ಒಣಪುಳ್ಳೆ ಕಟ್ಟಿ ಹೊತ್ತು ತಂದಿದ್ದರು.

ಬೋರಯ್ಯ ಹೊರೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಕೊಂಬೆ ಎಳೆದ. “ಎಲ್ಲಿದು ಮಾವ ಈ ಕಟ್ಟಿಗೆ?”

“ಹಿತ್ತಲದ್ದು.”

“ಹಿತ್ತಲಲ್ಲಿ ಪಾಚಿ ಯಾವಾಗ ಬೆಳೀತು?”

ಸಂಜೀವಯ್ಯ ಆಕಾಶ ನೋಡತೊಡಗಿದರು. ಅಷ್ಟರಲ್ಲಿ ಸರಸ್ವತಿ ಕಾಂಪೌಂಡಿನ ಮೇಲಿಂದ ಒಂದು ಬುಟ್ಟಿ ತೆಂಗಿನ ಕರಟ ದಾಟಿಸಿದರು. ಅಟ್ಟ ಖಾಲಿಯಾಗುವ ಯೋಗ ತಪ್ಪಿಹೋಗುವುದು ಅವರಿಗೆ ಬೇಕಿರಲಿಲ್ಲ.

ಕರಟ ಬಿದ್ದದ್ದೇ ತಡ, ಒಲೆ ಗುಂಯ್ ಎಂದು ಹತ್ತಿಕೊಂಡಿತು. ಹೊಗೆಯೆಲ್ಲ ಕೊಳವೆಯಲ್ಲಿ ಹೋಯಿತು. ಸರಸ್ವತಿ ಅದರ ಮೇಲೆಯೇ ಹಾಲು ಕಾಯಿಸಿ ಎಲ್ಲರಿಗೂ ಕಾಫಿ ಕೊಟ್ಟರು. ಡಿಸೆಂಬರಿನ ಆ ಬೆಳಗ್ಗೆ ಸಂಜೀವಯ್ಯನವರ ಎದೆ ತಿಂಗಳಿನಲ್ಲೇ ಮೊದಲ ಸಲ ಗೊರಗುಟ್ಟುವುದನ್ನು ನಿಲ್ಲಿಸಿತು. ಹಾಳಾದ್ದು, ಒಲೆ ಬಹಳ ಚೆನ್ನಾಗಿತ್ತು.

ಬೋರಯ್ಯ ಟೆಂಟಿನ ನೆಲವನ್ನು ಮೊಳ ಹಾಕಿ ಅಳೆಯುತ್ತಿದ್ದ. “ನಾಕು, ಐದು, ಆರು. ಆರಕ್ಕೆ ಜಾಗ ಆಯ್ತು.”

ಸಂಜೀವಯ್ಯ ಮನಸ್ಸಿನಲ್ಲೇ ಎಣಿಸಿದರು. ತಮ್ಮನ್ನು ಬಿಟ್ಟರೆ ಗುಂಪಿನಲ್ಲಿ ಐದೇ ಜನ. ಆರನೆಯದು ನಾಯಿಗೆ. ನಾಯಿಗೂ ಟೆಂಟಿನೊಳಗೆ ಜಾಗ ಉಂಟು, ತಮಗಿಲ್ಲ. ಆದರೂ ಬೆಂಕಿಯ ವಿಷಯದಲ್ಲಿ ಎರಡನೇ ಸಲ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ತಗೋ ಬೋರ. ಒಲೆ ಒಳ್ಳೇದು, ನಾನಿಲ್ದೆನೂ ಉರಿಯುತ್ತೆ. ನಾಯಿನ ಮಾತ್ರ ದೂರ ಮಲಗಿಸು, ಬಾಲ ಸುಟ್ಕೊಳ್ಳುತ್ತೆ.”

“ಯಾವ ನಾಯಿ?”

“ಅದೇ, ಆರನೇದು.”

ಬೋರಯ್ಯ ಹೊಟ್ಟೆ ಹಿಡಿದು ನಕ್ಕ. “ಆರನೇದು ನೀನು ಮಾವ. ಹೋದ ವರ್ಷ ಮಂಜಲ್ಲಿ ಕೂತು ಎದೆ ಕಟ್ಟಿಸ್ಕೊಂಡು ಬಂದಲ್ಲ, ಬೆಚ್ಚಗಿರೋ ಜಾಗ ಇಲ್ದಿದ್ರೆ ಈ ಸಲ ಕಳ್ಸೋದೇ ಇಲ್ಲ ಅಂದ್ಬಿಟ್ರು ನಿಮ್ಮನೇಲಿ ಮಾರಮ್ಮತ್ತೆ. ನಾನು ತಿಂಗಳಿಂದ ಟೆಂಟು ಹುಡುಕ್ತಿರೋದು ಯಾರಿಗೆ ಅಂದ್ಕೊಂಡೆ? ಹಂದಿ ಹೆಜ್ಜೆ ನೋಡಿ ದಾರಿ ಹೇಳೋರು ನಿನ್ನ ಬಿಟ್ರೆ ನಮ್ಮಲ್ಲಿ ಯಾರಿದಾರೆ?”

ಸಂಜೀವಯ್ಯ ಲೋಟದ ತಳದಲ್ಲಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. ಸಂತೋಷವಾಯಿತು, ಅದರ ಹಿಂದೆಯೇ ಕೋಪ ಬಂತು.

“ಇದನ್ನ ಮೊದ್ಲೇ ಬೊಗಳೋಕೆ ಏನಾಗಿತ್ತೋ ನಿಂಗೆ? ನಮ್ಮೂರಲ್ಲಿ ಹಸಿ ಕಟ್ಟಿಗೆ ಆರಿಸಿದ್ರೆ ಯಾರಾದ್ರೂ ನೋಡ್ತಾರೆ ಅಂತ ಕೋಳಿ ಕೂಗೋ ಹೊತ್ತಿಗೆ ಎದ್ದು ಗೊಟ್ಟಿಗೆರೆ ಕೆರೆಗೆ ಹೋಗಿದೀನಿ. ಈ ದರಿದ್ರ ಜಾಲಿನ ಅಲ್ಲಿಂದ ಇಲ್ಲಿವರೆಗೂ ಹೊತ್ಕೊಂಡು ನಡೆದಿದೀನಿ.”

ಬೋರಯ್ಯ ನಗು ನಿಲ್ಲಿಸಿದ. “ಗೊಟ್ಟಿಗೆರೆಗಾ? ನಡ್ಕೊಂಡಾ? ಆ ಮಂಡೀಲಿ?”

ಸಂಜೀವಯ್ಯ ತಮ್ಮ ಮಂಡಿಗಳ ಕಡೆ ನೋಡಿದರು. ಅಲ್ಲಿಯವರೆಗೆ ಅವುಗಳ ನೆನಪೇ ಬಂದಿರಲಿಲ್ಲ.

“ಹಂಗಾದ್ರೆ ಟೆಂಟು ಹೊರೋಕೆ ಬೇರೆ ಆಳು ಯಾಕೆ ಹುಡುಕ್ಲಿ?” ಎಂದ ಬೋರಯ್ಯ.

ಸಂಜೀವಯ್ಯ ಹೆಗಲ ಮೇಲಿನ ಟವೆಲ್ಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡರು. “ಎತ್ತು, ಇಡು ಇಲ್ಲಿ. ಆದ್ರೆ ಈಗ್ಲೇ ಹೇಳಿದೀನಿ, ಒಲೆ ಪಾಲು ಬೇರೆ, ಹೊರೆ ಪಾಲು ಬೇರೆ.”