ಬುದ್ಧನ ಕಾಸು

"ಮುಷ್ಟಿ ಬಿಗಿ ಹಿಡಿ, ಬಿಡಬೇಡ!" ಎಂದು ಅತ್ತೆ ಮತ್ತೆ ಆ ಕಾಸನ್ನು ಹೆರಿಗೆ ನೋವಿನಲ್ಲಿದ್ದ ಯುನ್‌ನಿಯಾಂಗಳ ಅಂಗೈಗೆ ಒತ್ತಿದಳು. ಹಿಂದೊಬ್ಬ ಅರಸ ಬುದ್ಧನ ಕಂಚಿನ ಮೂರ್ತಿಗಳನ್ನು ಕರಗಿಸಿ ಎರಕ ಹೊಯ್ಯಿಸಿದ ಕಾಸು ಅದು. ಅದನ್ನು ಕೈಯಲ್ಲಿ ಹಿಡಿದರೆ ಹೆರಿಗೆ ಹಗುರ ಎಂದು ಚೀನಾದ ಕೈಫೆಂಗ್ ನಗರದ ಹೆಂಗಸರೆಲ್ಲ ನಂಬಿದ್ದರು.

ಸೂಲಗಿತ್ತಿ ಗೆಂಗ್ ಅಜ್ಜಿ ತೊಲೆಯಿಂದ ಇಳಿಬಿಟ್ಟ ಹಗ್ಗ ತೋರಿಸಿದಳು. "ಇದನ್ನ ಎರಡೂ ಕೈಲಿ ಜಗ್ಗಬೇಕು ಮಗಳೇ. ಒಂದೇ ಕೈ ಸಾಲದು, ಮಗು ಒಳಗೇ ಉಸಿರುಗಟ್ಟುತ್ತೆ."

"ಕಾಸು ಬಿಟ್ರೆ ಬುದ್ಧ ಕೋಪ ಮಾಡ್ಕೋತಾನೆ!" ಎಂದಳು ಅತ್ತೆ.

ಯುನ್‌ನಿಯಾಂಗ್ ಬೆವರಿನ ನಡುವೆಯೇ ನಕ್ಕಳು. "ಕುಲುಮೆಗೆ ಹಾಕಿ ಕರಗಿಸಿದಾಗ್ಲೇ ಕೋಪ ಮಾಡ್ಕೊಳ್ಳದೋನು, ನನ್ನ ಮೇಲೆ ಮಾಡ್ಕೋತಾನಾ? ತಗೊಳ್ಳಿ ಅತ್ತೆ, ನೀವೇ ಹಿಡ್ಕೊಳ್ಳಿ. ನನಗಿಂತ ನಿಮಗೇ ಭಯ ಜಾಸ್ತಿ." ಕಾಸನ್ನು ಅತ್ತೆಯ ಕೈಗಿಟ್ಟು, ಎರಡೂ ಕೈಯಿಂದ ಹಗ್ಗ ಹಿಡಿದು ಜಗ್ಗಿದಳು.

ಮಗು ಜೋರಾಗಿ ಅತ್ತಿತು. ಅದನ್ನು ಎತ್ತಿಕೊಳ್ಳಲು ಅತ್ತೆ ಕೈ ಚಾಚಿದಳು. ಅವಳ ಬಲಗೈ ಮುಷ್ಟಿ ಮಾತ್ರ ಬಿಚ್ಚಲೊಲ್ಲದು. ಗೆಂಗ್ ಅಜ್ಜಿಯೇ ಒಂದೊಂದಾಗಿ ಬೆರಳು ಬಿಡಿಸಿದಳು. ಅಂಗೈ ನಡುವೆ ಕಾಸಿನ ಚೌಕ ತೂತು ಕೆಂಪಗೆ ಅಚ್ಚೊತ್ತಿತ್ತು.

"ಕಾಸು ಹಿಡಿದೋರಿಗೇ ಹೆರಿಗೆ ಕಷ್ಟ ಆಯ್ತಲ್ಲಮ್ಮಾ!" ಎಂದಳು ಅಜ್ಜಿ.